ನಾಲ್ವರ ದರೋಡೆಯಲ್ಲಿ ಹೊಸಬನ ಜಾಗ

ಒಬ್ಬರೇ ಆಡುವ ಆಟದಲ್ಲಿ ಕಷ್ಟದ ಮಟ್ಟ ಆರಿಸಿಕೊಳ್ಳುವುದು ಸುಲಭ. ನನ್ನ ಕೈ ಎಷ್ಟು ಪಳಗಿದೆ ಅನ್ನುವುದು ನನಗೆ ಗೊತ್ತು, ಅದಕ್ಕೆ ತಕ್ಕದ್ದನ್ನು ಒತ್ತಿದರೆ ಮುಗಿಯಿತು. ನಾಲ್ವರು ಕೂಡಿ ಆಡುವಾಗ ಹಾಗಾಗುವುದಿಲ್ಲ. ಒಬ್ಬ ವರ್ಷಗಟ್ಟಲೆ ಆಡಿದವನು, ಇನ್ನೊಬ್ಬ ನಿನ್ನೆಯಷ್ಟೇ ಡೌನ್‌ಲೋಡ್ ಮಾಡಿಕೊಂಡವನು. ಒಬ್ಬಳಿಗೆ ಕಥೆಯೆಲ್ಲ ಬಾಯಿಪಾಠ, ಇನ್ನೊಬ್ಬನಿಗೆ ತಾನು ಯಾರ ಮುಖವಾಡ ಹಾಕಿಕೊಂಡಿದ್ದೇನೆ ಅನ್ನುವುದೂ ಗೊತ್ತಿಲ್ಲ. ನಾಲ್ವರನ್ನೂ ಒಂದೇ ಬ್ಯಾಂಕಿನ ಬಾಗಿಲಲ್ಲಿ ನಿಲ್ಲಿಸಿ, ನಾಲ್ವರಿಗೂ ಅಲ್ಲೊಂದು ಕೆಲಸ ಇರುವಂತೆ ನೋಡಿಕೊಳ್ಳಬೇಕು. ‘ಪೇಡೇ 2’ ಆಡುತ್ತ ಆಡುತ್ತ ನನಗೆ ಮನವರಿಕೆಯಾದದ್ದು ಇದು: ಕಷ್ಟದ ಹದ ತಪ್ಪುವುದಕ್ಕೂ ಕಥೆಯ ಎಳೆ ತಪ್ಪುವುದಕ್ಕೂ ಕಾರಣ ಒಂದೇ. ತಡವಾಗಿ ಬಂದವನಿಗೆ ಜಾಗ ಮಾಡಿಕೊಡುವುದನ್ನು ಆಟ ಮರೆತುಬಿಡುತ್ತದೆ.

ಆಟ ಸ್ವೀಡನ್ನಿನ ಓವರ್‌ಕಿಲ್ ಸಾಫ್ಟ್‌ವೇರ್‌ನವರದು. ಮೊದಲನೆಯದು, ‘ಪೇಡೇ: ದ ಹೈಸ್ಟ್’, 2011ರಲ್ಲಿ ಬಂತು, ಎರಡನೆಯದು 2013ರಲ್ಲಿ. ಡಲ್ಲಾಸ್, ಚೇನ್ಸ್, ವುಲ್ಫ್, ಹಾಕ್ಸ್‌ಟನ್ ಎಂಬ ನಾಲ್ವರು ಮುಖವಾಡ ತೊಟ್ಟು ವಾಷಿಂಗ್ಟನ್ ಡಿ.ಸಿ.ಯಲ್ಲಿ ದರೋಡೆಗೆ ಇಳಿಯುತ್ತಾರೆ. ಬ್ಯಾಂಕಿನ ತಿಜೋರಿಗೆ ಡ್ರಿಲ್ ಹಚ್ಚಬೇಕು, ಅದು ನಡುನಡುವೆ ಕೆಟ್ಟು ನಿಂತಾಗ ಯಾರಾದರೂ ಓಡಿಹೋಗಿ ಸರಿಮಾಡಬೇಕು, ಪೊಲೀಸರು ಅಲೆ ಅಲೆಯಾಗಿ ನುಗ್ಗುವಾಗ ತಡೆಯಬೇಕು, ಕೊನೆಗೆ ಭಾರದ ಬ್ಯಾಗು ಹೊತ್ತು ವ್ಯಾನಿಗೆ ಎಸೆಯಬೇಕು. ಅಂತೂ ಒಬ್ಬರಿಂದ ಆಗುವ ಕೆಲಸವಲ್ಲ.

ಕಷ್ಟದ ಮಟ್ಟಗಳು ಏಳು. ಕೆಳಗೆ ನಾರ್ಮಲ್, ತುದಿಯಲ್ಲಿ ಡೆತ್ ಸೆಂಟೆನ್ಸ್. ಲಾಬಿ ತೆರೆದವರು ಯಾವುದನ್ನು ಆರಿಸುತ್ತಾರೋ ನಾಲ್ವರಿಗೂ ಅದೇ. ಮೇಲೆ ಹೋದಂತೆ ಪೊಲೀಸರ ಮೈ ಗಟ್ಟಿ, ಏಟು ಜೋರು. ಸಂಬಳವೂ ಅನುಭವದ ಅಂಕವೂ ಹೆಚ್ಚು. ಹಾಗಾಗಿ ಹಳಬರ ಕಣ್ಣು ಯಾವಾಗಲೂ ಮೇಲಿನ ಮಟ್ಟದ ಮೇಲೆ.

ನಮ್ಮ ಗುಂಪಿಗೆ ಶಿವಮೊಗ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗ ಸೇರಿಕೊಂಡ ಮೇಲೆ ಈ ವಿಷಯ ನನ್ನನ್ನು ಕಾಡತೊಡಗಿತು. ಉಳಿದ ಮೂವರದು ನೂರನೇ ಲೆವೆಲ್, ಅವನದು ಒಂದಂಕಿ. ಮೇಲಿನ ಮಟ್ಟದಲ್ಲಿ ಆಡಿದಾಗ ಅವನು ಬಾಗಿಲು ದಾಟುವಷ್ಟರಲ್ಲಿ ನೆಲಕ್ಕೆ ಬೀಳುತ್ತಿದ್ದ. ನಾವು ಎಬ್ಬಿಸುತ್ತಿದ್ದೆವು, ಮತ್ತೆ ಬೀಳುತ್ತಿದ್ದ. ಬಿದ್ದೇಳುವ ಅವಕಾಶಗಳು ಮುಗಿದರೆ ಪೊಲೀಸರ ವಶ. ಆಮೇಲೆ ಅವನ ಪರದೆಯಲ್ಲಿ ಕಾಣುವುದು ನಮ್ಮ ಬೆನ್ನು ಮಾತ್ರ. ಅವನೇನೂ ದೂರುವ ಹುಡುಗನಲ್ಲ. ಮೈಕಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ, ಆಮೇಲೆ “ಅಕ್ಕಾ, ನೀವು ಮುಗಿಸಿ, ಅಷ್ಟರಲ್ಲಿ ಊಟ ಮಾಡ್ಕೊಂಡು ಬರ್ತೀನಿ” ಎಂದ. ಕೂಡಿ ಆಡುವ ಆಟದ ಹದವನ್ನು ಹೇಗೆ ಅಳೆಯಬೇಕು ಅನ್ನುವುದು ನನಗೆ ಹೊಳೆದದ್ದು ಆ ಮಾತಿನಿಂದ. ವೈರಿಯನ್ನು ಬೀಳಿಸಲು ಎಷ್ಟು ಗುಂಡು ಬೇಕು ಅನ್ನುವ ಲೆಕ್ಕ ಬೇಡ. ಬಿದ್ದವನು ಎಷ್ಟು ಹೊತ್ತು ಬರೀ ನೋಡುತ್ತ ಕೂರಬೇಕು, ಅದನ್ನು ನೋಡಿ.

ಹಾಗೆ ನೋಡಿದರೆ ಈ ಆಟದ ಮೂಲ ವಿನ್ಯಾಸದಲ್ಲಿ ತುಂಬ ಜಾಣತನವಿದೆ. ಟೇಸರ್ ಎಂಬ ಪೊಲೀಸನೊಬ್ಬ ದೂರದಿಂದಲೇ ವಿದ್ಯುತ್ ಹರಿಸಿ ಹಿಡಿದು ನಿಲ್ಲಿಸುತ್ತಾನೆ. ಬಿಡಿಸಲು ಹೆಚ್ಚಾಗಿ ಜೊತೆಯವರೇ ಬರಬೇಕು. ಕ್ಲೋಕರ್ ಎಂಬವನು ಕತ್ತಲಿಂದ ಹಾರಿ ಒಂದೇ ಒದೆತಕ್ಕೆ ಕೆಡವುತ್ತಾನೆ. ಎಷ್ಟು ನುರಿತವರಾದರೂ ಬಿದ್ದ ಮೇಲೆ ಇನ್ನೊಬ್ಬರ ಕೈ ಬೇಕು. ಇವರಿಬ್ಬರ ಎದುರು ನಮ್ಮ ಹುಡುಗನಿಗೂ ನನಗೂ ವ್ಯತ್ಯಾಸವೇ ಇರಲಿಲ್ಲ. ಒಮ್ಮೆ ತಿಜೋರಿಯ ಮುಂದೆ ಟೇಸರ್ ನನ್ನನ್ನು ಹಿಡಿದ. ನನ್ನ ಬಂದೂಕು ತಾನಾಗಿಯೇ ಚಾವಣಿಗೆ ಗುಂಡು ಹಾರಿಸುತ್ತಿತ್ತು, ನಾನು ಕೂಗುತ್ತಿದ್ದೆ. ಕೌಂಟರಿನ ಹಿಂದೆ ಅಡಗಿದ್ದ ಅವನು ಎದ್ದು, ಕೈಲಿದ್ದ ಸಣ್ಣ ಪಿಸ್ತೂಲಿನಿಂದಲೇ ಟೇಸರನನ್ನು ಹೊಡೆದು ಬೀಳಿಸಿದ. ಇಡೀ ಸಂಜೆಯಲ್ಲಿ ಅವನ ದನಿ ಅಷ್ಟು ಏರಿದ್ದು ಆಗಲೇ. ಒಳ್ಳೆಯ ಕಷ್ಟ ಅಂದರೆ ಇದು. ಯಾರ ಬಂದೂಕು ದೊಡ್ಡದು ಅಂತ ಅದು ಕೇಳುವುದಿಲ್ಲ, ಪಕ್ಕದವರ ಕಡೆ ಯಾರ ಗಮನವಿದೆ ಅಂತ ಕೇಳುತ್ತದೆ.

ಆದರೆ ಮೇಲೆ ಹೋದಂತೆ ಹಳಬರಿಗೆ ಸಿಗುವ ಕೌಶಲಗಳು ಈ ಅವಲಂಬನೆಯನ್ನೇ ಕಿತ್ತುಹಾಕುತ್ತವೆ. ಕೌಂಟರ್‌ಸ್ಟ್ರೈಕ್ ಇದ್ದರೆ ಕ್ಲೋಕರನ ಒದೆತವನ್ನು ನಾವೇ ತಡೆಯಬಹುದು, ಶಾಕ್‌ಪ್ರೂಫ್ ಇದ್ದರೆ ಟೇಸರನಿಂದ ನಾವೇ ಬಿಡಿಸಿಕೊಳ್ಳಬಹುದು. ಆಗ ಉಳಿಯುವುದು ಗಟ್ಟಿ ಮೈಯ ಪೊಲೀಸರು ಮತ್ತು ಅವರನ್ನು ಬೇಗ ಮುಗಿಸುವ ಬೆರಳೆಣಿಕೆಯ ಬಂದೂಕುಗಳು. ತುದಿಯ ಮಟ್ಟದಲ್ಲಿ ನಾಲ್ವರೂ ಒಂದೇ ಜಾಗದಲ್ಲಿ ಒಬ್ಬೊಬ್ಬರೇ ಆಡುತ್ತಿರುತ್ತೇವೆ. ಹೊಸಬ ಅಲ್ಲಿ ಹೊರೆಯಾಗಿ ಕಾಣತೊಡಗುತ್ತಾನೆ. ಇಷ್ಟು ಲೆವೆಲ್ಲಿಗಿಂತ ಕೆಳಗಿನವರು ಬರಬಾರದೆಂದು ಲಾಬಿಗೆ ಮಿತಿ ಹಾಕಿಕೊಳ್ಳುವ ಅನುಕೂಲವೂ ಆಟದಲ್ಲೇ ಇದೆ.

ವಾಲ್ವ್ ಕಂಪನಿಯ ‘ಲೆಫ್ಟ್ 4 ಡೆಡ್’ 2008ರಲ್ಲೇ ಬೇರೊಂದು ದಾರಿ ತೋರಿಸಿತ್ತು. ಅದರಲ್ಲಿ ತೆರೆಮರೆಯ ನಿರ್ದೇಶಕನಂಥ ವ್ಯವಸ್ಥೆಯೊಂದು ಆಟಗಾರರು ಎಷ್ಟು ಬಳಲಿದ್ದಾರೆ ಎಂದು ಗಮನಿಸಿ ದಾಳಿಯನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ಪೇಡೇಯಲ್ಲಿ ಆ ಸಡಿಲಿಕೆಯನ್ನು ನಾವೇ ದುಡಿದು ಗಳಿಸಬೇಕು, ಅದಕ್ಕೆ ಒತ್ತೆಯಾಳುಗಳು ಬೇಕು. ಜನರನ್ನು ಕಟ್ಟಿ ಕೂರಿಸಿಕೊಂಡಿದ್ದರೆ ಮುಂದಿನ ದಾಳಿ ಶುರುವಾಗುವುದು ತಡವಾಗುತ್ತದೆ, ಪೊಲೀಸರ ವಶವಾದವರನ್ನು ಒತ್ತೆಯಾಳು ಕೊಟ್ಟು ಬಿಡಿಸಿಕೊಳ್ಳಲೂ ಬರುತ್ತದೆ. ಅಮಾಯಕರನ್ನು ಕೊಂದಿದ್ದರೆ ಆ ಬಿಡುಗಡೆ ತಡ. ಇದು ನನಗೆ ತುಂಬ ಹಿಡಿಸಿದ ನಿಯಮ. ಗುರಿ ಕಲಿಯುವ ಮೊದಲೇ ಹೊಸಬನೊಬ್ಬ ಮಾಡಬಹುದಾದ ಅತ್ಯಂತ ಮುಖ್ಯವಾದ ಕೆಲಸ ಇದು. ನಾವು ನಮ್ಮ ಹುಡುಗನಿಗೆ ಒತ್ತೆಯಾಳುಗಳನ್ನೂ ಬ್ಯಾಗುಗಳನ್ನೂ ವಹಿಸಿದೆವು, ಕಷ್ಟವನ್ನು ‘ಓವರ್‌ಕಿಲ್’ ಎಂಬ ನಡುವಿನ ಮಟ್ಟಕ್ಕೆ ಇಳಿಸಿದೆವು, ಹಳಬರು ಟೇಸರನ ವಿರುದ್ಧದ ಕೌಶಲವನ್ನು ಬೇಕೆಂದೇ ಬಿಟ್ಟೆವು. ಮೂವರಿಗೂ ಮತ್ತೆ ಎದೆ ಢವಢವ ಅನ್ನತೊಡಗಿತು.

ಕಥೆಯ ಮಾತಿಗೆ ಬರುತ್ತೇನೆ. ಇಂಥ ಆಟದಲ್ಲಿ ಕೂತು ಕಥೆ ಕೇಳಲು ಯಾರಿಗೂ ಪುರುಸೊತ್ತಿಲ್ಲ, ಗುಂಡಿನ ನಡುವೆಯೇ ಅದು ಕಿವಿಗೆ ಬೀಳಬೇಕು. ಆ ಕೆಲಸ ಬೇನ್ ಎಂಬವನದು. ಬಹುಮಟ್ಟಿಗೆ ಅವನು ರಂಗಕ್ಕೆ ಬರುವುದಿಲ್ಲ, ದನಿ ಮಾತ್ರ. ಯಕ್ಷಗಾನದ ಭಾಗವತರಂತೆ ಪ್ರಸಂಗವೆಲ್ಲ ಅವನ ಹಿಡಿತದಲ್ಲಿ. ಯಾರು ಎಲ್ಲಿ ನಿಲ್ಲಬೇಕು, ಈಗ ಏನಾಗಲಿದೆ ಎಂದು ಅವನು ಹೇಳಿದಂತೆ ಆಟ ಸಾಗುತ್ತದೆ. ಆ ದನಿ ಕೊಟ್ಟವರು ಸೈಮನ್ ವಿಕ್ಲುಂಡ್. ದಾಳಿಯ ಹೊತ್ತಿಗೆ ಏರುವ ಆ ಸಂಗೀತವೂ ಅವರದೇ.

ಅಷ್ಟಿದ್ದೂ ಎಳೆ ತಪ್ಪುತ್ತದೆ. ಮೊದಲ ಆಟದ ಹಾಕ್ಸ್‌ಟನ್ ಎರಡನೆಯದರ ಹೊತ್ತಿಗೆ ಜೈಲಿನಲ್ಲಿದ್ದ, ಅವನ ಹೆಸರನ್ನು ಡಲ್ಲಾಸನ ತಮ್ಮ ಹೊತ್ತು ತಿರುಗುತ್ತಿದ್ದ. 2014ರ ‘ಹಾಕ್ಸ್‌ಟನ್ ಬ್ರೇಕೌಟ್’ನಲ್ಲಿ ಅಸಲಿ ಹಾಕ್ಸ್‌ಟನ್ ಹೊರಬಂದ ಮೇಲೆ ತಮ್ಮ ಹ್ಯೂಸ್ಟನ್ ಆದ. ಇದನ್ನು ಕಾಲಕ್ಕೆ ಸರಿಯಾಗಿ ಆಡಿದ ನಮಗೆ ಅದೊಂದು ದೊಡ್ಡ ಘಟನೆ. ಹಾಕ್ಸ್‌ಟನ್ನನ ಮುಖವಾಡ ಇಷ್ಟವೆಂದು ಅದನ್ನೇ ಆರಿಸಿಕೊಂಡಿದ್ದ ನಮ್ಮ ಹುಡುಗ ಆ ದರೋಡೆಯ ಮೊದಲ ದಿನ ನ್ಯಾಯಾಲಯದ ಹೊರಗೆ ಹಾಕ್ಸ್‌ಟನ್ನನನ್ನೇ ಎದುರುಗೊಂಡ. “ಅಕ್ಕಾ, ನಾನು ನನ್ನನ್ನೇ ಬಿಡಿಸ್ತಾ ಇದೀನಾ?” ಎಂದು ಕೇಳಿದ. ಎರಡನೆಯ ದಿನ ಎಫ್‌ಬಿಐ ಕಚೇರಿಗೆ ನುಗ್ಗಿ, ಹಾಕ್ಸ್‌ಟನ್ ಸಿಕ್ಕಿಬೀಳಲು ಕಾರಣನಾದ ದ್ರೋಹಿ, ತಂಡಕ್ಕೆ ಕೆಲಸ ಕೊಡುತ್ತಿದ್ದ ಹೆಕ್ಟರ್ ಎಂದು ಪತ್ತೆಹಚ್ಚಿದೆವು. ನನಗಂತೂ ಮೊದಲ ಸಲ ಆಡಿದಾಗಿನ ಸಿಟ್ಟು ಮತ್ತೆ ಬಂತು. ಅವನಿಗೆ ಏನೂ ಅನ್ನಿಸಲಿಲ್ಲ, ಏಕೆಂದರೆ ಅವನು ಹೆಕ್ಟರನಿಗಾಗಿ ಒಂದು ಕೆಲಸವನ್ನೂ ಮಾಡಿರಲಿಲ್ಲ. ಕೆಲಸ ಆರಿಸಿಕೊಳ್ಳುವ ಕ್ರೈಮ್‌ನೆಟ್‌ಗೆ ಮರಳಿದರೆ ಭೂಪಟದ ಮೇಲೆ ಅದೇ ಹೆಕ್ಟರನ ಹೆಸರಿನಲ್ಲಿ ‘ವಾಚ್‌ಡಾಗ್ಸ್’ ಮಿನುಗುತ್ತಿತ್ತು.

ದೋಷ ಬರವಣಿಗೆಯದಲ್ಲ. ಭೂಪಟದಲ್ಲಿ ಕೆಲಸಗಳು ಹೇಗೆ ಬೇಕೋ ಹಾಗೆ ಮೂಡುತ್ತವೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮವಿಲ್ಲ. ಹಳೆಯ ದರೋಡೆಗಳನ್ನು ತೆಗೆದುಹಾಕಲೂ ಆಗದು, ಜನ ಅವನ್ನು ಪ್ರೀತಿಸುತ್ತಾರೆ. 2018ರ ‘ವೈಟ್ ಹೌಸ್’ನಲ್ಲಿ ತಂಡ ಅಧ್ಯಕ್ಷರ ಕ್ಷಮಾದಾನ ಪತ್ರಗಳನ್ನೇ ಕದ್ದು ನಿವೃತ್ತಿಯಾಗುತ್ತದೆ, ಬೇನ್ ಸಾಯುತ್ತಾನೆ. 2019ರಿಂದ ಮತ್ತೆ ಹೊಸ ದರೋಡೆಗಳು ಬರತೊಡಗಿದವು. ಹಳೆಯ ಬ್ಯಾಂಕಿಗೆ ಹೋದರೆ ಬೇನನೇ ಡ್ರಿಲ್ ಕೆಟ್ಟಿತೆಂದು ಹೇಳುತ್ತಾನೆ. ನನಗೆ ಅದು ನೆನಪಿನಂತೆ ಕೇಳುತ್ತದೆ, ಕ್ರಮ ತಪ್ಪಿ ಆಡಿದವನಿಗೆ ಬರೀ ಗೊಂದಲ. ಆಮೇಲಾಮೇಲೆ ಕಥೆಯ ಕ್ರಮದಲ್ಲಿ ಕೆಲಸಗಳನ್ನು ಜೋಡಿಸಿದ ಪಟ್ಟಿಯೊಂದನ್ನು ತಯಾರಕರು ಸೇರಿಸಿದರು. ಒಳ್ಳೆಯ ಕೆಲಸ. ಇಂಥ ಆಟಕ್ಕೆ ಅದು ಮೊದಲ ದಿನದಿಂದಲೇ ಬೇಕಿತ್ತು.

ಈಗ ನಾವು ಕಷ್ಟದ ಮಟ್ಟವನ್ನೂ ಕಥೆಯ ಕ್ರಮವನ್ನೂ ಒಟ್ಟಿಗೇ ನಿರ್ಧರಿಸುತ್ತೇವೆ. ಹೊಸಬರಿದ್ದರೆ ಮೊದಲು ಹೆಕ್ಟರನ ಕೆಲಸಗಳು: ‘ವಾಚ್‌ಡಾಗ್ಸ್’, ‘ಫೈರ್‌ಸ್ಟಾರ್ಟರ್’, ‘ರ‍್ಯಾಟ್ಸ್’. ಅಷ್ಟರಲ್ಲಿ ಕೈಯೂ ಪಳಗುತ್ತದೆ, ಹೆಕ್ಟರನ ಪರಿಚಯವೂ ಆಗುತ್ತದೆ. ಆಮೇಲೆ ಬ್ರೇಕೌಟ್, ಒಂದು ಮಟ್ಟ ಮೇಲೆ. ಹಾಕ್ಸ್‌ಟನ್ನನ ಮುಖವಾಡವನ್ನು ಆ ಎರಡು ದಿನ ಯಾರೂ ಹಾಕುವಂತಿಲ್ಲ. ಈ ನಿಯಮ ಮಾಡಿದ್ದು ನಮ್ಮ ಹುಡುಗನೇ. ಅವನ ಹಾಸ್ಟೆಲಿನ ಗೆಳೆಯನೊಬ್ಬ ಮೊನ್ನೆ ಆಟಕ್ಕೆ ಸೇರಿದಾಗ, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒತ್ತೆಯಾಳುಗಳನ್ನು ಕಟ್ಟುವುದು ಹೇಗೆಂದು ತೋರಿಸಿಕೊಟ್ಟವನೂ ಅವನೇ.