ಮುಸ್ಸಂಜೆಯ ಗುರಿ: ಬೆಳಗುವ ರೆಟಿಕಲ್ ಇರುವ ಸ್ಕೋಪ್‌ಗಳಲ್ಲಿ ಯಾವುದು ವಾಸಿ?

ಭತ್ತ ಹೊಡೆ ಒಡೆಯುವ ಹೊತ್ತಿಗೆ ಮಲೆನಾಡು ಕಡೆಯಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸಾರ್, ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇದೆ, ಹಂದಿ ಬರೋದು ಕತ್ತಲಾದ ಮೇಲೆ. ಒಳಗೆ ಕೆಂಪು ಲೈಟ್ ಬರೋ ಸ್ಕೋಪ್ ಹಾಕಿಸಿದ್ರೆ ರಾತ್ರಿ ಕಾಣುತ್ತಾ?" ಈ ವಾರ ಅದಕ್ಕೇ ಉತ್ತರ. ಮೊದಲೇ ಹೇಳಿಬಿಡುತ್ತೇನೆ: ಆ ಲೈಟಿನಿಂದ ಹಂದಿ ಕಾಣುವುದಿಲ್ಲ. ಕಾಣುವುದು ಗುರಿಯ ಗುರುತು ಮಾತ್ರ. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಹಾಕಿದರೆ ದುಡ್ಡೂ ಹೋಗುತ್ತದೆ, ಅನಾಹುತಕ್ಕೂ ದಾರಿಯಾಗುತ್ತದೆ.

ನನಗೇ ಆದ ಪಾಠ

ಕೆಲವು ವರ್ಷದ ಹಿಂದೆ, ಅನುಮತಿ ಪತ್ರ ಕೈಯಲ್ಲಿಟ್ಟುಕೊಂಡೇ, ಗದ್ದೆ ಬದಿಯ ಅಟ್ಟಣಿಗೆಯಲ್ಲಿ ಕೂತಿದ್ದೆ. ಹೊಸ ಸ್ಕೋಪ್, ಹೊಸ ಉಮೇದು. ಕೆಂಪು ಚುಕ್ಕಿಯನ್ನು ಪೂರ್ತಿ ಜೋರಾಗಿ ಇಟ್ಟಿದ್ದೆ. ಬೇಲಿ ಅಂಚಿನಲ್ಲಿ ಕಪ್ಪಗೆ, ಬಗ್ಗಿಕೊಂಡು, ಮೆಲ್ಲಗೆ ಏನೋ ಸರಿಯುತ್ತಿತ್ತು. ಸ್ಕೋಪ್‌ನಲ್ಲಿ ನೋಡಿದೆ. ಚುಕ್ಕಿ ಕೆಂಡದಂತೆ ಉರಿಯುತ್ತಿತ್ತು, ಅದರ ಸುತ್ತ ಎಲ್ಲ ಮಸಿ. ಬೆರಳು ಕುದುರೆಯ ಮೇಲೆ ಇರಲಿಲ್ಲ, ಅದೊಂದೇ ಪುಣ್ಯ. ಅಷ್ಟರಲ್ಲಿ ಆ ಕಪ್ಪು ಕೆಮ್ಮಿತು. ಪಕ್ಕದ ಮನೆಯ ಚಿಕ್ಕಮ್ಮ, ಕರುವಿಗೆ ಹುಲ್ಲು ಕೊಯ್ದು ಹೊರೆ ಕಟ್ಟುತ್ತಿದ್ದರು. ಕೋವಿ ಕೆಳಗಿಟ್ಟೆ, ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅವತ್ತು ನಾನು ಎರಡು ತಪ್ಪು ಮಾಡಿದ್ದೆ. ಏನೆಂದು ಗೊತ್ತಿಲ್ಲದ್ದರ ಕಡೆ ಕೋವಿ ತಿರುಗಿಸಿದ್ದು ಒಂದು. ಬೆಳಕು ಜೋರಾದಷ್ಟೂ ಒಳ್ಳೆಯದು ಅಂದುಕೊಂಡಿದ್ದು ಇನ್ನೊಂದು.

ಮೊದಲು ಕಾಗದ, ಆಮೇಲೆ ಸ್ಕೋಪ್

ಕೋವಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿಗೆ ಈಡು ಹೊಡೆಯುವ ಹಕ್ಕು ಬರುವುದಿಲ್ಲ. ಲೈಸೆನ್ಸ್ ಬರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ. ಕಾಡುಹಂದಿ ಇರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ. ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಹೊಡೆಯಲು ಆ ಕಾಯ್ದೆಯ 11ನೇ ಕಲಮಿನಂತೆ ಅಧಿಕಾರ ಇರುವವರು ಬರಹದಲ್ಲಿ ಅನುಮತಿ ಕೊಡಬೇಕು. ಪಕ್ಕದ ಕೇರಳದಲ್ಲಿ 2022ರಲ್ಲಿ ಈ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೆ ಇಳಿಸಿದರು. ಅಲ್ಲಿನ ನಿಯಮ ನಮಗೆ ಅನ್ವಯಿಸುವುದಿಲ್ಲ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯೂ ಕೋವಿಗೆ ಮಾತ್ರ, ಬೇಟೆಗೆ ಅಲ್ಲ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ, ಪತ್ರದಲ್ಲಿ ಬರೆದ ಜಾಗ, ಅವಧಿ, ವಿಧಾನ ಮೂರನ್ನೂ ಓದಿಕೊಳ್ಳಿ.

ರೆಟಿಕಲ್‌ಗೆ ಬೆಳಕು ಯಾಕೆ ಬೇಕು?

ಸ್ಕೋಪ್‌ನೊಳಗೆ ಕಾಣುವ ಕೂಡುಗೆರೆಗೆ ರೆಟಿಕಲ್ ಅನ್ನುತ್ತಾರೆ. ಹಗಲಲ್ಲಿ ಕಪ್ಪು ಗೆರೆ ಚೆನ್ನಾಗಿ ಕಾಣುತ್ತದೆ. ಸಂಜೆ ಏನಾಗುತ್ತದೆ ಅಂದರೆ, ಕಪ್ಪು ಪ್ರಾಣಿಯ ಮೈಮೇಲೆ ಕಪ್ಪು ಗೆರೆ ಬಿದ್ದು ಎರಡೂ ಒಂದಾಗಿಬಿಡುತ್ತವೆ. ಪ್ರಾಣಿ ಕಾಣುತ್ತದೆ, ಗೆರೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಈ ಒಂದು ತೊಂದರೆಗೆ ಮಾತ್ರ ಬೆಳಗುವ ರೆಟಿಕಲ್ ಮದ್ದು. ಪ್ರಾಣಿಯೇ ಕಾಣದಷ್ಟು ಕತ್ತಲಾದ ಮೇಲೆ ಅದರಿಂದ ಏನೂ ಪ್ರಯೋಜನ ಇಲ್ಲ. ಆ ಹೊತ್ತಿಗೆ ಕೋವಿ ಖಾಲಿ ಮಾಡಿ ಮನೆಗೆ ಹೋಗಬೇಕು.

ಕಣ್ಣಿನ ಲೆಕ್ಕ

ಕತ್ತಲಲ್ಲಿ ಎಷ್ಟು ಕಾಣುತ್ತದೆ ಅನ್ನುವುದನ್ನು ತೀರ್ಮಾನಿಸುವುದು ರೆಟಿಕಲ್ ಅಲ್ಲ, ಗಾಜು. ಲೆಕ್ಕ ಸುಲಭ: ಮುಂದಿನ ಗಾಜಿನ ಅಗಲವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೋ ಅದರಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ.

- 3-9x40 ಸ್ಕೋಪ್ 9 ಪಟ್ಟಿನಲ್ಲಿ: 40 ÷ 9 = ಸುಮಾರು 4.4 ಮಿ.ಮೀ.
- ಅದೇ ಸ್ಕೋಪ್ 6 ಪಟ್ಟಿನಲ್ಲಿ: ಸುಮಾರು 6.7 ಮಿ.ಮೀ.
- 8x56 ಸ್ಕೋಪ್: 7 ಮಿ.ಮೀ.

ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆಯುತ್ತದೆ. ವಯಸ್ಸಾದಂತೆ ಅದು 5 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅರವತ್ತು ದಾಟಿದವರು 56 ಮಿ.ಮೀ. ಗಾಜಿಗೆ ಹೆಚ್ಚು ದುಡ್ಡು ಕೊಟ್ಟರೂ 8 ಪಟ್ಟಿನಲ್ಲಿ ಅದರ ಪೂರ್ತಿ ಲಾಭ ಸಿಗುವುದಿಲ್ಲ. ಯಾರ ಕೈಯಲ್ಲಿ 3-9x40 ಇದೆಯೋ ಅವರು ಸಂಜೆ 9ರಲ್ಲಿ ಇಡದೆ 5 ಅಥವಾ 6ಕ್ಕೆ ಇಳಿಸಿ ನೋಡಿ. ಖರ್ಚಿಲ್ಲದೆ ಬೆಳಕು ಹೆಚ್ಚುತ್ತದೆ.

ಇನ್ನೊಂದು ಮಾತು. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಲೆಕ್ಕ. ರೆಟಿಕಲ್ ಜೋರಾಗಿ ಉರಿದರೂ ಕಣ್ಣಿಗೆ ಪೆಟ್ಟು ಇದೇ.

ಹೋಲಿಕೆ 1: ಬರೀ ಚುಕ್ಕಿಯೋ, ಪೂರ್ತಿ ಗೆರೆಯೋ?

ಪೂರ್ತಿ ಗೆರೆ ಬೆಳಗುವ ಸ್ಕೋಪ್ ಅಂಗಡಿಯಲ್ಲಿ ನೋಡಲು ಚೆಂದ. ಗದ್ದೆಯಲ್ಲಿ ಅದೇ ತಾಪತ್ರಯ. ಗೆರೆ, ಅಂಕಿ, ಗೀಟು ಎಲ್ಲ ಒಟ್ಟಿಗೆ ಉರಿದರೆ ಕಣ್ಣಿಗೆ ಹೋಗುವ ಬೆಳಕು ಜಾಸ್ತಿ, ಹಿಂದಿನ ದೃಶ್ಯ ಮಾಸುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಕೊಳವೆಯ ಒಳಮೈಯೂ ಕೆಂಪಾಗುವುದುಂಟು.

ನಡುವೆ ಸಣ್ಣ ಚುಕ್ಕಿ ಮಾತ್ರ ಬೆಳಗುವುದು ಮುಸ್ಸಂಜೆಗೆ ಒಳ್ಳೆಯದು. ಚುಕ್ಕಿಯ ಗಾತ್ರ ಎಂಒಎ ಅನ್ನುವ ಅಳತೆಯಲ್ಲಿ ಇರುತ್ತದೆ. 1 ಎಂಒಎ ಅಂದರೆ 100 ಮೀಟರ್‌ನಲ್ಲಿ ಸುಮಾರು 2.9 ಸೆಂ.ಮೀ. 3 ಎಂಒಎ ಚುಕ್ಕಿ ಆ ದೂರದಲ್ಲಿ 9 ಸೆಂ.ಮೀ. ಹತ್ತಿರ ಜಾಗ ಮುಚ್ಚುತ್ತದೆ, 50 ಮೀಟರ್‌ನಲ್ಲಿ ಅದರ ಅರ್ಧ. 1 ಎಂಒಎ ಸುತ್ತಮುತ್ತ ಇದ್ದರೆ ಸಾಕು.

ಜರ್ಮನಿಯ ಕಡೆ ಸಂಜೆ ಅಟ್ಟಣಿಗೆಯಲ್ಲಿ ಕೂತು ಹಂದಿ ಕಾಯುವ ಪದ್ಧತಿ ಹಳೆಯದು. ಅಲ್ಲಿ 4 ಮತ್ತು 4ಎ ಅನ್ನುವ ರೆಟಿಕಲ್ ರೂಢಿಗೆ ಬಂದಿದ್ದೂ ಇದಕ್ಕೇ: ಎಡ, ಬಲ, ಕೆಳಗೆ ಮೂರು ದಪ್ಪ ಕಂಬ, ನಡುವೆ ತೆಳು ಗೆರೆ. ಬ್ಯಾಟರಿ ಸತ್ತರೂ ದಪ್ಪ ಕಂಬಗಳು ಕಣ್ಣನ್ನು ನಡುವಿಗೆ ಎಳೆಯುತ್ತವೆ. 4ಎ ಗೆರೆ ಮತ್ತು ನಡುವೆ ಸಣ್ಣ ಚುಕ್ಕಿ, ಈ ಜೋಡಿ ಸಿಕ್ಕರೆ ಕಣ್ಣು ಮುಚ್ಚಿ ಆರಿಸಬಹುದು.

ಹೋಲಿಕೆ 2: ಕೆಂಪೋ, ಹಸಿರೋ?

ಕತ್ತಲಲ್ಲಿ ನೋಡಲು ನೆರವಾಗುವ ಕಣ್ಣಿನ ಕೋಶಗಳಿಗೆ ಕಡುಗೆಂಪು ಬೆಳಕು ಹೆಚ್ಚು ತಾಗುವುದಿಲ್ಲ. ಆದ್ದರಿಂದ ಮಂದ ಕೆಂಪು ಇಟ್ಟರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುವುದಿಲ್ಲ. ಹಸಿರು ಬಣ್ಣಕ್ಕೆ ಅದೇ ಕೋಶಗಳು ಬೇಗ ಸ್ಪಂದಿಸುತ್ತವೆ. ಸ್ವಲ್ಪ ಹೆಚ್ಚಾದರೂ ಕಣ್ಣು ಕೋರೈಸುತ್ತದೆ, ಮೇಲಾಗಿ ಹಸಿರು ಗಿಡಗಳ ನಡುವೆ ಹಗಲಲ್ಲಿ ಎದ್ದು ಕಾಣುವುದೂ ಇಲ್ಲ. ಆದರೆ ಕೆಂಪು-ಹಸಿರು ಬಣ್ಣ ಗುರುತಿಸಲು ಕಷ್ಟ ಇರುವವರಿಗೆ ಕೆಂಪು ಚುಕ್ಕಿ ಮಂಕಾಗಿ ಕಾಣಬಹುದು. ಅಂಥವರು ಎರಡನ್ನೂ ನೋಡಿಯೇ ಕೊಳ್ಳಿ. ಉಳಿದವರಿಗೆ ಕೆಂಪೇ ಸೈ.

ಹೋಲಿಕೆ 3: ಗೆರೆ ದೊಡ್ಡದಾಗಬೇಕೋ, ಹಾಗೇ ಇರಬೇಕೋ?

ಕೆಲವು ಸ್ಕೋಪ್‌ಗಳಲ್ಲಿ ಚಿತ್ರ ದೊಡ್ಡದು ಮಾಡಿದಂತೆ ಗೆರೆಯೂ ದಪ್ಪಗಾಗುತ್ತದೆ. ಇದು ಫಸ್ಟ್ ಫೋಕಲ್ ಪ್ಲೇನ್. ಇನ್ನು ಕೆಲವುಗಳಲ್ಲಿ ಗೆರೆ ಇದ್ದಷ್ಟೇ ಇರುತ್ತದೆ, ಅದು ಸೆಕೆಂಡ್ ಫೋಕಲ್ ಪ್ಲೇನ್. ಸಂಜೆ ನಾವು ಪಟ್ಟು ಇಳಿಸುತ್ತೇವೆ ಅಂತ ಮೇಲೆ ನೋಡಿದೆವಲ್ಲ, ಆಗ ಮೊದಲ ಬಗೆಯಲ್ಲಿ ತೆಳು ಗೆರೆ ಇನ್ನೂ ತೆಳುವಾಗಿ ಮಾಯವಾಗುತ್ತದೆ. ದಪ್ಪ ಕಂಬದ 4ಎ ಇದ್ದರೆ ಮಾತ್ರ ತೊಂದರೆ ಇಲ್ಲ. ನೂರು ಮೀಟರ್ ಒಳಗಿನ ಗದ್ದೆ-ತೋಟದ ಕೆಲಸಕ್ಕೆ ಎರಡನೇ ಬಗೆಯೇ ಸರಳ.

ಹೋಲಿಕೆ 4: ಬೆಳಕು ಎಲ್ಲಿಂದ?

- ಎಲ್‌ಇಡಿ ಮತ್ತು ಬಟನ್ ಸೆಲ್: ಹೆಚ್ಚಿನವು ಇವೇ. ಸಿಆರ್2032 ಸೆಲ್ ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. ಬೆಳಕು ಹೆಚ್ಚು-ಕಡಿಮೆ ಮಾಡಬಹುದು.
- ಫೈಬರ್: ಸುತ್ತಲಿನ ಬೆಳಕನ್ನು ಹಿಡಿದು ಚುಕ್ಕಿ ಬೆಳಗಿಸುತ್ತದೆ. ಹಗಲಲ್ಲಿ ಚೆನ್ನ, ಸಂಜೆ ಅದೂ ಮಂಕು.
- ಟ್ರಿಟಿಯಂ: ಸೆಲ್ ಬೇಡ, ತಾನೇ ಬೆಳಗುತ್ತದೆ. ಆದರೆ ಸುಮಾರು 12 ವರ್ಷಕ್ಕೆ ಶಕ್ತಿ ಅರ್ಧ ಆಗುತ್ತದೆ, ಬೆಳಕನ್ನು ನಮ್ಮ ಇಷ್ಟಕ್ಕೆ ಹೆಚ್ಚು-ಕಡಿಮೆ ಮಾಡಲು ಆಗುವುದಿಲ್ಲ.

ಎಲ್‌ಇಡಿ ಬಗೆಯಲ್ಲಿ ಕೇಳಬೇಕಾದ್ದು "ಎಷ್ಟು ಜೋರು ಬರುತ್ತೆ" ಅಂತ ಅಲ್ಲ, "ಎಷ್ಟು ಮಂದ ಆಗುತ್ತೆ" ಅಂತ. ಎಲ್ಲಕ್ಕಿಂತ ಕಡಿಮೆ ಹಂತದಲ್ಲೂ ಕಣ್ಣು ಚುಚ್ಚುತ್ತಿದ್ದರೆ ಆ ಸ್ಕೋಪ್ ಸಂಜೆಗೆ ಬಾರದು. ಪ್ರತಿ ಹಂತದ ನಡುವೆ ಆಫ್ ಇದ್ದರೆ ಇನ್ನೂ ಅನುಕೂಲ. ಬೇಕಾದ ಹಂತಕ್ಕೆ ಒಂದೇ ತಿರುವು.

ಕೊಳ್ಳುವ ಮುನ್ನ ಮನೆ ಪರೀಕ್ಷೆ

ಸ್ಕೋಪ್ ಕೋವಿಗೆ ಜೋಡಿಸುವ ಮೊದಲೇ, ಬರೀ ಸ್ಕೋಪ್ ಕೈಯಲ್ಲಿ ಹಿಡಿದು ಮಾಡುವ ಪರೀಕ್ಷೆ ಇದು. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ನಂಬಬೇಡಿ.

1. ಹಲಸಿನ ಮರದ ನೆರಳಿನಲ್ಲಿ ಸುಮಾರು 50 ಮೀಟರ್ ದೂರಕ್ಕೆ ಒಂದು ಕಪ್ಪು ಕಂಬಳಿ, ಪಕ್ಕದಲ್ಲಿ ಒಂದು ಗೋಣಿಚೀಲ ತೂಗುಹಾಕಿ.
2. ಸೂರ್ಯ ಮುಳುಗಿದ ಮೇಲೆ ಲೈಟ್ ಆರಿಸಿ ಅಂಗಳದಲ್ಲಿ ಕೂತು, ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ.
3. ರೆಟಿಕಲ್ ಆಫ್ ಮಾಡಿ ನೋಡಿ. ಯಾವುದು ಕಂಬಳಿ, ಯಾವುದು ಗೋಣಿ ಅಂತ ಗೊತ್ತಾಗುವುದು ಯಾವ ನಿಮಿಷಕ್ಕೆ ನಿಲ್ಲುತ್ತದೆ, ಬರೆದುಕೊಳ್ಳಿ.
4. ಈಗ ಚುಕ್ಕಿ ಹಾಕಿ, ಕೆಳಗಿನ ಹಂತದಿಂದ ಮೇಲಕ್ಕೆ ಬನ್ನಿ. ಕಂಬಳಿಯ ಅಂಚು ಮಾಸಲು ಶುರುವಾದ ಹಂತಕ್ಕಿಂತ ಎರಡು ಹಂತ ಕೆಳಗೆ ನಿಮ್ಮ ಜಾಗ.

ಮೂರನೇ ಹಂತದಲ್ಲಿ ಬರೆದುಕೊಂಡ ನಿಮಿಷವೇ ನಿಮ್ಮ ಗಡಿ. ಚುಕ್ಕಿ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ದಾಟಬೇಡಿ.

ಬಳಸುವಾಗ ನೆನಪಿರಲಿ

- ಹುಡುಕಲು ದುರ್ಬೀನು, ಗುರಿಗೆ ಸ್ಕೋಪ್. 7x50 ದುರ್ಬೀನಿನಲ್ಲಿ ಪೂರ್ತಿ ಪ್ರಾಣಿ ನೋಡಿ, ಹಂದಿ ಅಂತ ನೂರಕ್ಕೆ ನೂರು ಖಾತ್ರಿಯಾದ ಮೇಲೆ ಮಾತ್ರ ಕೋವಿ ಎತ್ತಿ.
- ಹಿಂದೆ ಏನಿದೆ ನೋಡಿ. ಗುಂಡು ಮಣ್ಣಿಗೆ ಹೋಗಬೇಕು, ದಾರಿಗೆ ಅಲ್ಲ. ಅಟ್ಟಣಿಗೆಯಿಂದ ಕೆಳಮುಖವಾಗಿ ಹೊಡೆಯುವುದು ಇದಕ್ಕೇ ಕ್ಷೇಮ.
- ಕೂರುವ ದಿನ ಅಕ್ಕಪಕ್ಕದ ಮನೆಗಳಿಗೆ, ತೋಟದ ಆಳುಗಳಿಗೆ ಹೇಳಿ. ಹುಲ್ಲಿಗೆ, ನೀರು ಕಟ್ಟಲು, ದನ ಹುಡುಕಲು ಜನ ಮುಸ್ಸಂಜೆಯಲ್ಲೇ ಓಡಾಡುತ್ತಾರೆ.
- ಚುನಾವಣೆಗೆ ಕೋವಿ ಠಾಣೆಗೆ ಜಮಾ ಮಾಡುವಾಗ ಸೆಲ್ ತೆಗೆದಿಡಿ. ವಾಪಸ್ ಬಂದ ಮೇಲೆ ಸ್ಕೋಪ್ ಅಲುಗಾಡಿದೆಯೇ, ಗುರಿ ಸರಿ ಇದೆಯೇ ಅಂತ ಹಗಲಲ್ಲೇ ಪರೀಕ್ಷಿಸಿ.
- ಮಳೆಗಾಲದಲ್ಲಿ ಗಾಜು ಒಳಗಿನಿಂದ ಮಂಜಾದರೆ ಒರೆಸಿ ಪ್ರಯೋಜನ ಇಲ್ಲ. ಕೊಳ್ಳುವಾಗಲೇ ನೈಟ್ರೋಜನ್ ತುಂಬಿದ್ದು, ನೀರು ಹೋಗದ್ದು ಅಂತ ಕೇಳಿ ತಗೊಳ್ಳಿ.

ಕೊನೆಗೆ

ದುಡ್ಡು ಸೀಮಿತ ಇದ್ದರೆ ಮೊದಲು ಗಾಜಿಗೆ ಹಾಕಿ, ಆಮೇಲೆ ಮಂದವಾಗಿ ಉರಿಯುವ ಸಣ್ಣ ಕೆಂಪು ಚುಕ್ಕಿಗೆ. ಅದಕ್ಕೂ ಮೊದಲು ಬೇಲಿಗೆ. ಸೋಲಾರ್ ಬೇಲಿಯೋ ಕಂದಕವೋ ವರ್ಷವಿಡೀ ಕಾಯುತ್ತದೆ, ಕೋವಿ ಒಂದು ಸಂಜೆಗೆ ಮಾತ್ರ. ನಾಲ್ಕು ಮೂಟೆ ಭತ್ತ ಹಂದಿ ತಿಂದರೆ ಮುಂದಿನ ವರ್ಷ ಬೆಳೆಯಬಹುದು. ಹುಲ್ಲಿನ ಹೊರೆ ಹೊತ್ತು ಬರುವವರಿಗೆ ಈಡು ತಾಗಿದರೆ ಏನು ಕೊಟ್ಟರೂ ವಾಪಸ್ ಬರುವುದಿಲ್ಲ. ಅನುಮಾನ ಬಂತಾ, ಕೋವಿ ಇಳಿಸಿ. ಹಂದಿ ನಾಳೆಯೂ ಬರುತ್ತದೆ.