ಟೆಂಟ್ ಬುಕ್ ಮಾಡುವ ಮುನ್ನ

ಚಿತ್ತವಾಡ್ಗಿಯಿಂದ ಹಂಪಿ, ಸಂಡೂರು ಕಡೆ ನೆಂಟರನ್ನು ಕರೆದೊಯ್ಯುವವರು ಟೆಂಟ್, ಹೋಂಸ್ಟೇ ಹುಡುಕುವಾಗ ಮೊಬೈಲಿನ ನಕ್ಷತ್ರಗಳನ್ನೇ ನಂಬುತ್ತಾರೆ. ಅವು ಅತಿಥಿಗಳು ಕೊಟ್ಟ ಅಂಕ, ತಪಾಸಣೆಯಲ್ಲ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಸಮಿತಿಯೇ ಬಂದು ಕೋಣೆ, ಶೌಚಾಲಯ, ನೀರು ನೋಡಿ ಹೋಂಸ್ಟೇಗೆ ಚಿನ್ನ ಇಲ್ಲವೇ ಬೆಳ್ಳಿ ದರ್ಜೆ ಕೊಡುತ್ತದೆ. ಮಾಲೀಕರು ಅಲ್ಲೇ ವಾಸವಿರಬೇಕು. ಬಾಡಿಗೆ ಕೋಣೆ ಆರು ಮೀರಬಾರದು.

ಹಂಪಿಯಲ್ಲಿ ಇದಕ್ಕಿಂತ ಮೊದಲ ಪ್ರಶ್ನೆ, ಆ ಜಾಗದಲ್ಲಿ ವಸತಿಗೆ ಅನುಮತಿ ಇದೆಯೇ ಎಂಬುದು. ವಿದೇಶಿಯರ ಅಚ್ಚುಮೆಚ್ಚಿನ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ 2020ರಲ್ಲಿ ಕೆಡವಲಾಯಿತು.

ಮುಂಗಡ ಕಳಿಸುವ ಮುಂಚೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ. ಹೊಳೆದಂಡೆಯ ಟೆಂಟಾದರೆ, ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಅತಿಥಿಗಳನ್ನು ಎಲ್ಲಿಗೆ ಸಾಗಿಸುತ್ತಾರೆಂದೂ ವಿಚಾರಿಸಿ. ಉತ್ತರ ತಡವರಿಸಿದರೆ ಬೇರೆ ಜಾಗ ನೋಡಿ.