ಹಳೇ ಸ್ಕೂಲ್ ಬಸ್ಸು, ಪುಕ್ಕಟೆ ಪಯಣ: ಗೆಳೆಯರ ಗುಂಪಿಗೆ ಹದಿಮೂರು ಸೂತ್ರಗಳು

ಅಮೆರಿಕದ ಶಾಲಾ ಆಡಳಿತಗಳು ತಮ್ಮ ಹಳದಿ ಬಸ್ಸುಗಳನ್ನು ಸಾಮಾನ್ಯವಾಗಿ ಹನ್ನೆರಡು, ಹದಿನೈದು ವರ್ಷ ಓಡಿಸಿ ಹರಾಜಿಗೆ ಬಿಡುತ್ತವೆ. ಎಂಜಿನ್ನಿನಲ್ಲಿ ಆಗಲೂ ಬೇಕಾದಷ್ಟು ಜೀವ ಉಳಿದಿರುತ್ತದೆ. ಅಂಥ ಬಸ್ಸು ಕೊಂಡು, ಸೀಟು ಕಿತ್ತು, ಹಾಸಿಗೆ ಒಲೆ ಕೂಡಿಸಿ ಊರೂರು ಸುತ್ತುವವರು ಅಲ್ಲಿ ಬಹಳ. ಆ ಬಸ್ಸಿಗೆ ಅವರಿಟ್ಟ ಹೆಸರು ‘ಸ್ಕೂಲಿ’. ಹೆಚ್ಚಿನವರು ಅದನ್ನು ಒಂದು ಸಂಸಾರದ ಮನೆಯಾಗಿ ಮಾಡಿಕೊಳ್ಳುತ್ತಾರೆ. ನನಗೆ ಪ್ರೀತಿ ಇರುವುದು ಇನ್ನೊಂದು ಬಗೆಯ ಬಸ್ಸಿನ ಮೇಲೆ. ಹತ್ತಾರು ಗೆಳೆಯರು ಸೇರಿ ಕಟ್ಟಿ, ಯಾರಿಂದಲೂ ಟಿಕೆಟ್ಟಿನ ಕಾಸು ಕೇಳದೆ, ಜೇಬು ಖಾಲಿ ಇರುವವರನ್ನೂ ಹತ್ತಿಸಿಕೊಂಡು ಹೋಗುವ ಬಸ್ಸು ಅದು. ಅಲ್ಲಿ ಓದುತ್ತ, ದುಡಿಯುತ್ತ ಇರುವ ನಮ್ಮ ಹುಡುಗ ಹುಡುಗಿಯರಲ್ಲಿ ಯಾರಿಗಾದರೂ ಈ ಆಸೆ ಇದ್ದರೆ ಈ ಸೂತ್ರಗಳು ಅವರಿಗೆ.

1. ಬಸ್ಸು ನೋಡಲು ಹೋಗುವ ಮೊದಲೇ ಕರಾರು ಬರೆಯಿರಿ

ಇಂಥ ಬಸ್ಸುಗಳು ಕೆಟ್ಟು ನಿಲ್ಲುವುದು ಎಂಜಿನ್ನಿನಿಂದ ಕಡಿಮೆ, ಗೆಳೆಯರ ನಡುವಿನ ಮನಸ್ತಾಪದಿಂದ ಹೆಚ್ಚು. ಯಾರು ಎಷ್ಟು ಹಾಕುತ್ತಾರೆ, ಬಸ್ಸು ಯಾವ ಯಾವ ವಾರ ಯಾರ ಕೈಯಲ್ಲಿ, ರಿಪೇರಿ ಖರ್ಚು ಯಾವ ಮೊತ್ತ ದಾಟಿದರೆ ಎಲ್ಲರನ್ನೂ ಕೇಳಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಮಾಲೀಕತ್ವದ ಪತ್ರದಲ್ಲಿ ಎರಡು ಮೂರು ಹೆಸರು ಇರಲಿ. ಅಲ್ಲೊಂದು ಸೂಕ್ಷ್ಮವಿದೆ: ಹೆಸರುಗಳ ನಡುವೆ ‘ಮತ್ತು’ ಎಂದಿದ್ದರೆ ಮಾರಾಟಕ್ಕೆ ಎಲ್ಲರ ಸಹಿ ಬೇಕು, ‘ಅಥವಾ’ ಎಂದಿದ್ದರೆ ಹಲವು ರಾಜ್ಯಗಳಲ್ಲಿ ಒಬ್ಬರೇ ಮಾರಿಬಿಡಬಹುದು. ‘ಮತ್ತು’ ಎಂದೇ ಬರೆಸಿ.

2. ಹಿಂದೆ ಹೋದವರ ದಾರಿ ನೋಡಿ

1964ರ ಬೇಸಿಗೆಯಲ್ಲಿ ಕಾದಂಬರಿಕಾರ ಕೆನ್ ಕೀಸಿ ಮತ್ತು ಗೆಳೆಯರು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೊರಟದ್ದು 1939ರ ಒಂದು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸ್ಕೂಲ್ ಬಸ್ಸಿನಲ್ಲಿ. ಮಲಗುವ ಮಂಚಗಳನ್ನು ಹಿಂದಿನ ಮಾಲೀಕನೇ ಕೂಡಿಸಿದ್ದ. ಇವರು ಬಸ್ಸಿನ ಮೈತುಂಬ ಬಣ್ಣ ಬಳಿದು, ‘ಫರ್ದರ್’ ಎಂದು ಹೆಸರಿಟ್ಟು ಹೊರಟೇಬಿಟ್ಟರು. ಕಟ್ಟುವುದರಲ್ಲೇ ವರ್ಷ ಕಳೆಯದೆ ಹೊರಟರಲ್ಲ, ಅದನ್ನು ಅವರಿಂದ ಕಲಿಯಬೇಕು. ಅವರ ಪ್ರಯಾಣದ ತುಂಬ ಇದ್ದ ಮಾದಕ ದ್ರವ್ಯವನ್ನು ಅವರೊಡನೆಯೇ ಬಿಟ್ಟುಬಿಡಬೇಕು.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಠ 1970ರದು. ಹಿಪ್ಪಿಗಳ ಗುರು ಸ್ಟೀಫನ್ ಗ್ಯಾಸ್ಕಿನ್ ಜತೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಳೇ ಸ್ಕೂಲ್ ಬಸ್ಸುಗಳ ಸಾಲೊಂದು ದೇಶ ಸುತ್ತಲು ಹೊರಟಿತು. 1971ರಲ್ಲಿ ಅವರು ಟೆನೆಸಿಯ ಸಮ್ಮರ್‌ಟೌನ್ ಬಳಿ ನೆಲೆ ನಿಂತು ‘ದ ಫಾರ್ಮ್’ ಎಂಬ ಊರನ್ನೇ ಕಟ್ಟಿದರು. ದಾರಿಯಲ್ಲಿ ಬಸ್ಸುಗಳಲ್ಲೇ ಹೆರಿಗೆಗಳಾದವು. ಅಲ್ಲಿ ಕೈಯಾರೆ ಕಲಿತ, ಸ್ಟೀಫನ್‌ರ ಸಂಗಾತಿ ಐನಾ ಮೇ ಗ್ಯಾಸ್ಕಿನ್ ಮುಂದೆ ಅಮೆರಿಕದ ಹೆಸರಾಂತ ಸೂಲಗಿತ್ತಿಯಾದರು. ಹತ್ತು ಜನ ತಿಂಗಳುಗಟ್ಟಲೆ ಒಂದೇ ಸೂರಿನಡಿ ಓಡಾಡಿದರೆ ಜ್ವರ, ಗಾಯ, ಅಳು ಎಲ್ಲವೂ ಬಸ್ಸಿನಲ್ಲೇ ಆಗುತ್ತವೆ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆದ ಇಬ್ಬರಾದರೂ ಜತೆಗಿರಲಿ.

3. ಬಣ್ಣ ನೋಡಬೇಡಿ, ಬಸ್ಸಿನಡಿಗೆ ತೂರಿ

ಚಳಿಗಾಲದಲ್ಲಿ ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಓಹಾಯೋ, ಮಿಷಿಗನ್‌ನಂಥ ರಾಜ್ಯಗಳ ಬಸ್ಸುಗಳಿಗೆ ಅಡಿಯಿಂದ ತುಕ್ಕು ಹಿಡಿಯುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯ ಬಸ್ಸು ಸಾವಿರ ಡಾಲರ್ ಹೆಚ್ಚಾದರೂ ಕೊಳ್ಳಿ. ಸುತ್ತಿಗೆಯಿಂದ ಚಾಸಿಯನ್ನು, ಚಕ್ರದ ಮೇಲಿನ ಕಮಾನನ್ನು, ಬಾಗಿಲ ಮೆಟ್ಟಿಲನ್ನು ತಟ್ಟಿ ನೋಡಿ. ಗಟ್ಟಿ ದನಿ ಬರಬೇಕು.

4. ಎಂಜಿನ್ನಿನಷ್ಟೇ ಗೇರ್‌ಬಾಕ್ಸನ್ನೂ ವಿಚಾರಿಸಿ

ಕಮಿನ್ಸ್ 5.9 ಲೀಟರ್ ಮತ್ತು ಇಂಟರ್‌ನ್ಯಾಷನಲ್‌ನ ಡಿಟಿ466, ಇವೆರಡೂ ಲಕ್ಷಾಂತರ ಮೈಲಿ ಓಡಿದರೂ ನಂಬಿಕೆಗೆ ಅರ್ಹವೆಂದು ಬಲ್ಲವರೆಲ್ಲ ಹೇಳುವ ಡೀಸೆಲ್ ಎಂಜಿನ್‌ಗಳು. ಆದರೆ ಅವುಗಳ ಹಿಂದೆ ಆಲಿಸನ್ ಎಟಿ545 ಗೇರ್‌ಬಾಕ್ಸ್ ಇದ್ದರೆ ಎರಡು ಸಲ ಯೋಚಿಸಿ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರವಾಗಿ ಬೆಸೆದು ಕಾವು ತಗ್ಗಿಸುವ ‘ಲಾಕಪ್’ ಅದರಲ್ಲಿ ಇಲ್ಲ. ಊರೊಳಗೆ ಮಕ್ಕಳನ್ನು ಇಳಿಸಿ ಹತ್ತಿಸಲು ಸಾಕು; ರಾಕಿ ಪರ್ವತದ ಏರಿನಲ್ಲಿ ಕಾಯ್ದು ಕೆಂಪಗಾಗುತ್ತದೆ. ಎಂಟಿ643, ಇಲ್ಲವೇ ಆಲಿಸನ್‌ನ 2000, 3000 ಸರಣಿ ಸಿಕ್ಕರೆ ಒಳ್ಳೆಯದು. ಟೈರಿನ ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕಂಕಿ ಓದಿ: ಮೊದಲೆರಡು ವಾರ, ಉಳಿದೆರಡು ವರ್ಷ. ಗೀರು ಆಳವಾಗಿದ್ದರೂ ಹತ್ತು ವರ್ಷದ ಹಳೇ ಟೈರಿನಲ್ಲಿ ಗೆಳೆಯರನ್ನು ಕೂರಿಸಬೇಡಿ. ಆರು ಹೊಸ ಟೈರಿನ ಬೆಲೆ ಬಸ್ಸಿನ ಬೆಲೆಯ ಹತ್ತಿರಕ್ಕೇ ಬರಬಹುದು. ಹರಾಜು ಕೂಗುವ ಮೊದಲೇ ಆ ಲೆಕ್ಕ ಕೈಯಲ್ಲಿರಲಿ.

5. ಮೊದಲು ಸೀಟು, ಆಮೇಲೆ ಮಂಚ

ಹಂಚಿಕೊಳ್ಳುವ ಬಸ್ಸಿಗೂ ಮನೆ ಬಸ್ಸಿಗೂ ಇರುವ ದೊಡ್ಡ ವ್ಯತ್ಯಾಸ ಇದು, ಹೆಚ್ಚು ಜನ ಎಡವುವ ಜಾಗವೂ ಇದೇ. ದೊಡ್ಡ ಸ್ಕೂಲ್ ಬಸ್ಸುಗಳಲ್ಲಿ ಸೀಟ್ ಬೆಲ್ಟ್ ಇರಲೇಬೇಕೆಂದು ಅಮೆರಿಕದ ಕೇಂದ್ರ ಕಾನೂನು ಹೇಳುವುದಿಲ್ಲ. ಅಲ್ಲಿ ಮಕ್ಕಳನ್ನು ಕಾಯುವುದು ಒತ್ತೊತ್ತಾಗಿರುವ, ಎತ್ತರದ, ಮೆತ್ತೆ ಹೊದಿಸಿದ ಸೀಟಿನ ಬೆನ್ನು. ಢಿಕ್ಕಿಯಾದಾಗ ಮಗು ಮುಂದಿನ ಸೀಟಿನ ಬೆನ್ನಿಗೆ ತಾಗಿ ಅಲ್ಲೇ ನಿಲ್ಲುತ್ತದೆ. ನೀವು ಆ ಮುಂದಿನ ಸಾಲು ಕಿತ್ತು ಅಡುಗೆ ಕಟ್ಟೆ ಕಟ್ಟಿದಿರೋ, ಹಿಂದೆ ಕೂತವರ ರಕ್ಷಣೆ ಹೋಯಿತು. ಸೋಫಾದಂತೆ ಪಕ್ಕಕ್ಕೆ ಮುಖ ಮಾಡಿದ ಸೀಟುಗಳೂ ಬೇಡ.

ಬೆಲ್ಟ್ ಕೂಡಿಕೊಂಡೇ ಬರುವ ಸೀಟುಗಳನ್ನು ಹುಡುಕಿ ತನ್ನಿ. ಮುಂದಕ್ಕೆ ಮುಖ ಮಾಡಿಸಿ ಚಾಸಿಯ ಬಲ ಇರುವ ಕಡೆ ಬಿಗಿಸಿ. ಈ ಕೆಲಸ ಬಲ್ಲವರಿಂದಲೇ ಆಗಲಿ. ಎರಡೂ ಬದಿಗೆ ಮೂರು ಮೂರು ಸಾಲು, ಸೀಟಿಗೆ ಇಬ್ಬರು ದೊಡ್ಡವರು, ಅಲ್ಲಿಗೆ ಹನ್ನೆರಡು. ಚಾಲಕ ಸೇರಿ ಹದಿಮೂರು. ಹದಿನಾರು ಜನರ ವಾಹನವಾದರೆ ವಾಣಿಜ್ಯ ಲೈಸೆನ್ಸಿನ ಪ್ರಶ್ನೆ ಏಳುತ್ತದೆ, ಹಾಗಾಗಿ ಹದಿಮೂರು ಒಳ್ಳೆಯ ಲೆಕ್ಕ. ಬಸ್ಸಿನ ಹಿಂಭಾಗದಲ್ಲಿ ಆರು ಜನಕ್ಕೆ ಮಂಚ, ಉಳಿದವರಿಗೆ ಟೆಂಟು. ಎಲ್ಲರಿಗೂ ಒಳಗೇ ಮಂಚ ಮಾಡಹೊರಟರೆ ಕೂರಲು ಜಾಗ ಉಳಿಯುವುದಿಲ್ಲ. ಬಸ್ಸು ಓಡುವಾಗ ಮಂಚದಲ್ಲಿ ಯಾರೂ ಮಲಗಬಾರದು, ಇದಕ್ಕೆ ವಿನಾಯಿತಿ ಕೊಡಲೇಬೇಡಿ.

6. ಮಾಡು ಎತ್ತರಿಸುವ ಆಸೆ ಬಿಡಿ

ಬಸ್ಸು ಮಗುಚಿದರೆ ಜೀವ ಉಳಿಸುವುದು ಮಾಡಿನ ಉಕ್ಕಿನ ಕಮಾನುಗಳು. ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರ ಮೇಲಿಂದ ಒತ್ತಿದರೂ ಅವು ತಡೆಯಬೇಕೆಂಬುದು ಕಾನೂನು. ಆರಡಿ ಎತ್ತರದ ಗೆಳೆಯನಿಗೆ ತಲೆ ತಾಗುತ್ತದೆಂದು ಆ ಕಮಾನುಗಳನ್ನು ಕೊಯ್ದು ಮಾಡನ್ನು ಎತ್ತರಿಸುವವರಿದ್ದಾರೆ. ಸ್ವಂತ ಮನೆಗಾದರೆ ಅವರ ಇಷ್ಟ. ಇತರರ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಬಸ್ಸಿಗೆ ಅದು ಬೇಡ.

ಇರುವ ಎತ್ತರವನ್ನಾದರೂ ಅಳೆದು, ಚಾಲಕನ ಕಣ್ಣೆದುರು ಬರೆದು ಅಂಟಿಸಿ. ಮಾಡಿನ ಮೇಲೆ ಸೋಲಾರ್ ಫಲಕ, ಸಾಮಾನಿನ ಅಟ್ಟ ಬಂದ ಮೇಲೆ ಮತ್ತೆ ಅಳೆಯಿರಿ. ನಾರ್ತ್ ಕ್ಯಾರೊಲಿನಾದ ಡರ್‌ಹ್ಯಾಮ್‌ನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆಯೊಂದು ಎಷ್ಟೋ ಲಾರಿಗಳ ಮಾಡು ಸುಲಿದು ಲೋಕಪ್ರಸಿದ್ಧವಾಯಿತು. 2019ರಲ್ಲಿ ಅದನ್ನು ಎಂಟಿಂಚು ಎತ್ತರಿಸಿದರು. ಅಂಥವು ಇನ್ನೂ ಅನೇಕ ಇವೆ.

7. ಕಿತ್ತುಹಾಕುವ ಕೆಲಸಕ್ಕೆ ಎಲ್ಲರನ್ನೂ ಕರೆಯಿರಿ

ಸೀಟಿನ ಬೋಲ್ಟ್ ಬಿಚ್ಚಲು ಒಳಗೊಬ್ಬರು, ಬಸ್ಸಿನಡಿ ಒಬ್ಬರು ಬೇಕು. ಬಿಚ್ಚದ್ದನ್ನು ಗ್ರೈಂಡರ್‌ನಿಂದ ಕೊಯ್ಯಬೇಕು. ಕನ್ನಡಕ, ಮುಖಗವಸು ಕಡ್ಡಾಯ. ರಬ್ಬರ್ ಹಾಸು, ಅದರಡಿಯ ಪ್ಲೈವುಡ್ ಎರಡನ್ನೂ ಎತ್ತಿ. ಕೆಳಗೆ ತುಕ್ಕು ಇದ್ದೇ ಇರುತ್ತದೆ, ಗಾಬರಿ ಬೇಡ. ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ನಿಲ್ಲಿಸುವ ದ್ರಾವಣ ಬಳಿದು, ಬಣ್ಣ ಹಚ್ಚಿ. ಬೋಲ್ಟಿನ ನೂರಾರು ತೂತಿಗೆ ಸ್ಕೂಲಿ ಕಟ್ಟುವವರು ಒಂದು ಸೆಂಟಿನ ನಾಣ್ಯ ಅಂಟಿಸುತ್ತಾರೆ. ಅಳತೆಗೆ ಸರಿಹೊಂದುತ್ತದೆ, ಅಗ್ಗ ಕೂಡ. ಮರಗೆಲಸ ಬಾರದವರೂ ಈ ಕೆಲಸ ಮಾಡಬಲ್ಲರು. ಬೆವರು ಸುರಿಸಿದವರಿಗೆ ಬಸ್ಸಿನ ಮೇಲೆ ಮಮತೆ ಹುಟ್ಟುತ್ತದೆ. ದುಡ್ಡು ಹಾಕಲಾಗದ ಗೆಳೆಯ ಯಾರ ಹಂಗೂ ಇಲ್ಲದೆ ತಲೆಯೆತ್ತಿ ಹತ್ತುವುದು ಇದರಿಂದಲೇ ಸಾಧ್ಯ.

8. ತೂಕದ ಲೆಕ್ಕ

ಟೈಲ್ಸ್, ಗ್ರಾನೈಟ್ ಬೇಡವೇ ಬೇಡ. ನೂರು ಗ್ಯಾಲನ್ ನೀರೆಂದರೆ ಸುಮಾರು 380 ಕಿಲೋ. ತೊಟ್ಟಿಯನ್ನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಕೂರಿಸಿ. ಕೆಲಸ ಮುಗಿದ ಮೇಲೆ ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿ ತೂಕ ಹಾಕಿಸಿ.

9. ಹಳದಿ ಹೋಗಲಿ, ದಾಖಲೆ ಬರಲಿ

ಈ ಹಳದಿ ಬಣ್ಣ 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲ್ಲಿನ ಪ್ರಾಧ್ಯಾಪಕ ಫ್ರಾಂಕ್ ಸೈರ್ ಕರೆದ ಸಭೆಯಲ್ಲಿ ಗೊತ್ತಾದದ್ದು. ಮಬ್ಬು ಬೆಳಕಿನಲ್ಲೂ ಅದರ ಮೇಲೆ ಕಪ್ಪಕ್ಷರ ಎದ್ದು ಕಾಣುತ್ತದೆ. ಆ ಬಣ್ಣ ಕಂಡರೆ ಒಳಗೆ ಮಕ್ಕಳಿದ್ದಾರೆಂದು ರಸ್ತೆಗೆ ರಸ್ತೆಯೇ ಎಚ್ಚರವಾಗುತ್ತದೆ. ಆದ್ದರಿಂದಲೇ ಬಣ್ಣ ಬದಲಿಸಿ, ‘ಸ್ಟಾಪ್’ ಫಲಕ ತೆಗೆದು, ಕೆಂಪು ಮಿನುಗು ದೀಪ ಆರಿಸಿ ಎಂದು ಹಲವು ರಾಜ್ಯಗಳ ಕಾನೂನು ಹೇಳುತ್ತದೆ. ಕಾನೂನು ಹೇಳದ ಕಡೆಯೂ ಹಾಗೇ ಮಾಡಿ.

ಆಮೇಲೆ ‘ಮೋಟರ್ ಹೋಮ್’ ಎಂದು ನೋಂದಣಿ ಮಾಡಿಸಿ. ಮಂಚ, ಒಲೆ, ಶೌಚ, ನೀರು ಹೀಗೆ ಏನೇನಿರಬೇಕೆಂಬ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೈಸೆನ್ಸೂ ಅಷ್ಟೇ: ಸ್ವಂತ ಬಳಕೆಯ ಮೋಟರ್ ಹೋಮ್‌ಗೆ ಬಹುಪಾಲು ಕಡೆ ವಾಣಿಜ್ಯ ಲೈಸೆನ್ಸ್ ಬೇಡ, ಟೆಕ್ಸಾಸ್‌ನಲ್ಲಿ 26,000 ಪೌಂಡ್ ಮೀರಿದರೆ ಬೇರೆ ದರ್ಜೆಯದು ಬೇಕು. ವಿಮೆ ಎಲ್ಲಕ್ಕಿಂತ ಕಷ್ಟ. ಬಸ್ಸು ಕೊಳ್ಳುವ ಮೊದಲೇ ವಿಮಾದಾರರನ್ನು ಹುಡುಕಿ, ಎಷ್ಟು ಜನ ಕೂರುತ್ತಾರೆ, ಯಾರು ಯಾರು ಓಡಿಸುತ್ತಾರೆ ಎಲ್ಲವನ್ನೂ ಬಿಚ್ಚಿ ಹೇಳಿ ಲಿಖಿತ ಉತ್ತರ ಪಡೆಯಿರಿ.

10. ಪುಕ್ಕಟೆ ಎಂದರೆ ಪುಕ್ಕಟೆ

ತಲೆಗಿಷ್ಟು ಎಂದು ದುಡ್ಡು ಕೇಳಿದ ಗಳಿಗೆಯಲ್ಲೇ ಬಸ್ಸು ಬಾಡಿಗೆ ವಾಹನವಾಗುತ್ತದೆ. ಲೈಸೆನ್ಸ್, ವಿಮೆ, ನೋಂದಣಿ ಎಲ್ಲವೂ ಬೇರೆಯಾಗಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಗೆಳೆಯ ಗಿರಾಕಿಯಾಗುತ್ತಾನೆ. ದಾರಿ ಸುಲಭ: ಮಾಲೀಕರಾದ ನೀವೆಲ್ಲ ತಿಂಗಳಿಗೆ ಇಷ್ಟೆಂದು, ಪ್ರಯಾಣ ಇರಲಿ ಇಲ್ಲದಿರಲಿ, ಒಂದು ಖಾತೆಗೆ ಹಾಕುತ್ತ ಬನ್ನಿ. ಡೀಸೆಲ್, ವಿಮೆ, ರಿಪೇರಿ ಎಲ್ಲ ಅದರಿಂದಲೇ. ಲೀಟರಿಗೆ ಮೂರೂವರೆ, ನಾಲ್ಕು ಕಿಲೋಮೀಟರ್ ಸಿಕ್ಕರೆ ಪುಣ್ಯ ಎಂದು ಲೆಕ್ಕ ಹಾಕಿ. ಖಾತೆಯಲ್ಲಿ ಇದ್ದಷ್ಟು ದೂರಕ್ಕೆ ಮಾತ್ರ ಪ್ರಯಾಣ. ಸಾಲ ಮಾಡಿ ಬಸ್ಸು ಓಡಿಸಬೇಡಿ. ಹತ್ತುವ ಅತಿಥಿಗಳು ಅಡುಗೆ ಮಾಡಲಿ, ಪಾತ್ರೆ ತೊಳೆಯಲಿ, ಹಾಡು ಹೇಳಲಿ.

11. ಬೆಂಕಿ, ಗ್ಯಾಸು, ಬಾಗಿಲು

ಹಿಂದಿನ ತುರ್ತು ಬಾಗಿಲಿಗೆ ಅಡ್ಡವಾಗಿ ಮಂಚ ಹಾಕಬೇಡಿ. ನೂರಾರು ಬಸ್ಸುಗಳಲ್ಲಿ ಕಾಣುವ ತಪ್ಪು ಇದು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಆದ್ದರಿಂದ ಅದರ ಸೋರಿಕೆ ಪತ್ತೆ ಮಾಡುವ ಸಾಧನ ನೆಲದ ಹತ್ತಿರ ಇರಲಿ. ಕಾರ್ಬನ್ ಮೊನಾಕ್ಸೈಡ್ ಗಂಟೆಯನ್ನು ಮಲಗುವವರ ತಲೆಯ ಹತ್ತಿರ ಹಾಕಿ. ಬೆಂಕಿ ಆರಿಸುವ ಸಿಲಿಂಡರ್ ಮುಂದೊಂದು, ಹಿಂದೊಂದು. ಸೋಲಾರ್‌ಗೆ ಆರಂಭದಲ್ಲಿ 400 ವಾಟ್ ಫಲಕ, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ಸಾಕು. ಫೋನು, ದೀಪ, ಚಿಕ್ಕ ಫ್ರಿಜ್ಜಿಗಿಂತ ಹೆಚ್ಚು ಗೆಳೆಯರ ಬಸ್ಸಿಗೆ ಬೇಕಿಲ್ಲ.

12. ಓಡಿಸುವವರು ಮೂವರು, ತಂಗುವ ಜಾಗ ಮೊದಲೇ ಗೊತ್ತು

ಒಬ್ಬನೇ ಓಡಿಸುವ ಬಸ್ಸು ಆ ಒಬ್ಬನದಾಗಿಬಿಡುತ್ತದೆ. ಮೂವರಾದರೂ ಕಲಿಯಿರಿ. ಖಾಲಿ ಮೈದಾನದಲ್ಲಿ ತಿರುವು ತೆಗೆದು ನೋಡಿ: ಹಿಂದಿನ ಚಕ್ರದಾಚೆ ಚಾಚಿಕೊಂಡಿರುವ ಬಾಲ ಎದುರು ದಿಕ್ಕಿಗೆ ಬೀಸುತ್ತದೆ, ಪಕ್ಕದ ಕಾರಿಗೆ ತಗಲುತ್ತದೆ. ಏರ್ ಬ್ರೇಕ್ ಪರೀಕ್ಷೆ ಪ್ರತಿ ಬೆಳಗ್ಗೆ ಆಗಲಿ. ಕೊಲೊರಾಡೋದ ಐಸೆನ್‌ಹೋವರ್ ಸುರಂಗ ಸಮುದ್ರಮಟ್ಟದಿಂದ 11,000 ಅಡಿಗೂ ಮೇಲಿದೆ. ಅಲ್ಲಿಂದ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಹೋದರೆ ಬ್ರೇಕ್ ಕಾಯ್ದು ಕೈಕೊಡುತ್ತದೆ. ಇಳಿಜಾರು ಶುರುವಾಗುವ ಮುನ್ನವೇ ಕೆಳ ಗೇರಿಗೆ ಬನ್ನಿ. ದಿನಕ್ಕೆ ಐದು ಗಂಟೆ ಓಡಿಸಿದರೆ ಸಾಕು.

ತಂಗುವುದಕ್ಕೂ ಕಾಸು ಬೇಕಿಲ್ಲ. ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ ಎಂಬ ಕೇಂದ್ರ ಇಲಾಖೆಯ ಬಯಲುಗಳಲ್ಲಿ ಸಾಮಾನ್ಯವಾಗಿ 14 ದಿನ ಪುಕ್ಕಟೆ ಬೀಡು ಬಿಡಬಹುದು. ರಾಷ್ಟ್ರೀಯ ಅರಣ್ಯಗಳಲ್ಲೂ ಇಂಥ ಜಾಗಗಳಿವೆ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್ ಸುತ್ತ ಇಂಥ ಬಸ್ಸುಗಳದೇ ಊರು ಎದ್ದು ನಿಲ್ಲುತ್ತದೆ. ಕೊಳೆ ನೀರನ್ನು, ಶೌಚವನ್ನು ಗೊತ್ತಾದ ಡಂಪ್ ಸ್ಟೇಷನ್ನಿನಲ್ಲೇ ಸುರಿಯಿರಿ. ಗಲೀಜು ಮಾಡಿದವರಿಂದಾಗಿ ಆಗಲೇ ಎಷ್ಟೋ ಬಯಲುಗಳಿಗೆ ಬೇಲಿ ಬಿದ್ದಿದೆ.

(ಇದನ್ನೋದಿ ಕರ್ನಾಟಕದಲ್ಲೇ ಹಳೇ ಸ್ಕೂಲ್ ಬಸ್ಸು ಕೊಳ್ಳಹೊರಡುವವರು ಒಂದು ಗಳಿಗೆ ತಡೆಯಿರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ ಆಮೇಲೆ ಸ್ಪ್ಯಾನರ್ ಹಿಡಿಯಿರಿ.)

13. ಬಿಟ್ಟುಹೋಗುವವರಿಗೂ ದಾರಿ ಇರಲಿ

ಕೆಲಸ, ಮದುವೆ, ವೀಸಾ ಎಂದು ಯಾರಾದರೂ ಹೊರಟೇ ಹೊರಡುತ್ತಾರೆ. ಅವರ ಪಾಲನ್ನು ಹೇಗೆ ತೀರಿಸುವುದೆಂದು ಮೊದಲ ಕರಾರಿನಲ್ಲೇ ಬರೆದಿಡಿ: ಬಸ್ಸಿನ ಅಂದಿನ ಮಾರುಕಟ್ಟೆ ಬೆಲೆಯಲ್ಲಿ ಅವರು ಹಾಕಿದ್ದಕ್ಕೆ ತಕ್ಕ ಭಾಗ, ಒಂದು ವರ್ಷದೊಳಗೆ, ಕಂತಿನಲ್ಲಿ. ತಿಂಗಳ ಖಾತೆಗೆ ಹಾಕಿದ್ದು ವಾಪಸ್ಸಿಲ್ಲ, ಅದು ಡೀಸೆಲ್ಲಾಗಿ ಉರಿದುಹೋಗಿದೆ. ಪಾಲು ಪಡೆದು ಹೋದವರಿಗೂ ಬಸ್ಸು ಹತ್ತುವ ಹಕ್ಕು ಹಾಗೇ ಉಳಿಯಲಿ. ಅವರಿರುವ ಊರಿನ ಕಡೆ ಹೊರಟಾಗ ಸೀಟು ಖಾಲಿ ಇದ್ದರೆ ಫೋನ್ ಮಾಡಿ ಕರೆಯಿರಿ.